ಮಳೆ ನಿಂತ ಮೇಲೂ ಆಡುತ್ತಿದ್ದ ವೈಪರು

ನನ್ನ ಗಂಡ ತೀರಿಕೊಂಡದ್ದು ನಾನು ಈಗ ದಿನಾ ಓಡಿಸುವ ಕಾರಿನಲ್ಲಿ. ಇದನ್ನು ಕೇಳಿದವರು "ಇನ್ನೂ ಯಾಕೆ ಇಟ್ಕೊಂಡಿದ್ದೀರಿ, ಮಾರ್ಬಿಡಿ" ಅನ್ನುತ್ತಾರೆ. ಮಾರುವ ಮಾತು ನಮ್ಮ ಮನೆಯಲ್ಲೂ ಒಮ್ಮೆ ಬಂದಿತ್ತು. ನನ್ನ ಅಣ್ಣ ಬಂದವನು ಊಟಕ್ಕೆ ಕೂತಾಗ ಆ ಮಾತು ತೆಗೆದ. ಬಡಿಸುತ್ತಿದ್ದ ಅತ್ತೆ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಹೊರಗೆ ಹೋದರು. ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಅಣ್ಣ ಊರಿಗೆ ಹೊರಡುವವರೆಗೂ ಇಳಿಯಲಿಲ್ಲ. ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ನನ್ನ ಗಂಡ ತಿ. ನರಸೀಪುರದ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದರು. ಮನೆ ನಂಜನಗೂಡಿನಲ್ಲಿ. ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು. ಹಳೆಯ ಕಾರು, ನಾವು ಕೊಳ್ಳುವಾಗಲೇ ಮೂರನೆಯವರ ಕೈ ದಾಟಿ ಬಂದಿತ್ತು. ಅದರ ಒಂದೊಂದು ಸದ್ದಿನ ಅರ್ಥವೂ ಅವರಿಗೆ ಗೊತ್ತಿತ್ತು. ಎಲ್ಲೂ ಏನನ್ನೂ ಸುಮ್ಮನೆ ಆನ್ ಮಾಡಿ ಬಿಡುವವರಲ್ಲ. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಗೇಟಿನವರೆಗೆ ಹೋದವರು ವಾಪಸು ಬಂದು ಚಪ್ಪಲಿ ಬಿಟ್ಟು ಒಳಗೆ ಹೋಗಿ ಆರಿಸಿ ಬರುತ್ತಿದ್ದರು. ನಮ್ಮದು ಬುದ್ಧನ ಪಟ ಇಟ್ಟ ಮನೆ. ದೆವ್ವ, ಗಾಳಿ, ಮೈಮೇಲೆ ಬರುವುದು ಯಾವುದನ್ನೂ ಅವರು ನಂಬುತ್ತಿರಲಿಲ್ಲ. ಬೀದಿಯಲ್ಲಿ ಯಾರೋ ಸತ್ತಾಗ ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ, "ಸತ್ತೋರು ಬರಲ್ಲ ಕಣವ್ವ, ಇರೋರ ಭಯ ಬತ್ತದೆ" ಅಂದು ನಕ್ಕು ಅದನ್ನು ತೆಗೆದುಬಿಡುತ್ತಿದ್ದರು.

ಅವರು ಹೋದದ್ದು ಹಿಂಗಾರಿನಲ್ಲಿ. ಆ ದಿನ ಮಧ್ಯಾಹ್ನ ಮುಗಿದ ಮೇಲೆ ನರಸೀಪುರದಿಂದ ಹೊರಟಿದ್ದಾರೆ. ದಾರಿಯಲ್ಲಿ ಜೋರು ಮಳೆ ಹಿಡಿದಿದೆ. ನಾಲೆಯ ಮೋರಿ ದಾಟಿದ ಮೇಲೆ ಕಾರನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಒಂದು ಹೊಂಗೆ ಮರದ ಹತ್ತಿರ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದಿದ್ದಾರೆ. ಗ್ಯಾಸಿನ ಮಾತ್ರೆಯ ಪಟ್ಟಿ ಹರಿದು ಪಕ್ಕದ ಸೀಟಿನ ಮೇಲೆ ಬಿದ್ದಿತ್ತು. ಊರಿಗೆಲ್ಲ ಮಾತ್ರೆ ಕೊಟ್ಟವರು ತಮ್ಮ ಎದೆನೋವನ್ನು ಗ್ಯಾಸು ಅಂದುಕೊಂಡಿದ್ದರು. ಫೋನು ಅಂಗಿಯ ಜೇಬಿನಲ್ಲೇ ಇತ್ತು. ಯಾರಿಗೂ ಕರೆ ಮಾಡಿರಲಿಲ್ಲ.

ಅವರನ್ನು ಮೊದಲು ಕಂಡದ್ದು ಪಕ್ಕದ ಗದ್ದೆಯ ರೈತರೊಬ್ಬರು. ಮಳೆ ನಿಂತು ತೆಳು ಬಿಸಿಲು ಬಿದ್ದಿತ್ತಂತೆ. ಆದರೂ ಕಾರಿನ ವೈಪರು ಒಣಗಿದ ಗಾಜಿನ ಮೇಲೆ ಕಿರ್ ಕಿರ್ ಎಂದು ಆಡುತ್ತಲೇ ಇತ್ತಂತೆ. ಬಿಸಿಲಿನಲ್ಲಿ ಯಾಕೆ ಹೀಗೆ ಒರೆಸುತ್ತಾ ಕೂತಿದ್ದಾರೆ ಎಂದು ಅವರು ಹತ್ತಿರ ಹೋಗಿ ನೋಡಿದ್ದಾರೆ. ಆಮೇಲೆ ಜನ ಸೇರಿ, ಆಂಬುಲೆನ್ಸ್ ಬಂದು, ಎಲ್ಲ ಆಯಿತು. ಇಷ್ಟನ್ನೂ ನನಗೆ ಹೇಳಿದವರು ಆಂಬುಲೆನ್ಸಿನ ಡ್ರೈವರು. ಆ ರೈತರನ್ನು ಆಗ ನಾನು ನೋಡಿರಲಿಲ್ಲ.

ಮೊದಲ ದಿನಗಳಲ್ಲಿ ಅತ್ತೆಯದು ಒಂದೇ ಪ್ರಶ್ನೆ. ನಾನು ಅಡುಗೆಮನೆಯಲ್ಲಿದ್ದರೆ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳುತ್ತಿದ್ದರು.

"ಒಬ್ನೇ ಎಷ್ಟೊತ್ತು ಒದ್ದಾಡ್ದನೋ ಕಣವ್ವ, ಆ ಮಳೇಲಿ?"

ನಾನು ಬಿ.ಎಸ್ಸಿ. ಓದಿದವಳು. ಮನೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನದ ಪಾಠ ಹೇಳುತ್ತಿದ್ದೆ. ಅದೇ ಪ್ರಶ್ನೆ ನನ್ನೊಳಗೂ ಇತ್ತು. ಅದಕ್ಕೆ ನಾನೇ ಒಂದು ಉತ್ತರ ಕಂಡುಕೊಂಡಿದ್ದೆ. ಆ ಉತ್ತರ ಸಿಕ್ಕ ಮೇಲೆಯೇ ನನಗೆ ಸ್ವಲ್ಪವಾದರೂ ನಿದ್ದೆ ಬರುವುದಕ್ಕೆ ಶುರುವಾಗಿತ್ತು. ಅದನ್ನೇ ಅತ್ತೆಗೂ ಹೇಳಿದೆ.

"ಒದ್ದಾಡಲಿಲ್ಲ ಅತ್ತೆ. ಯೋಚನೆ ಮಾಡಿ. ನಿಮ್ಮ ಮಗ ಯಾವತ್ತಾದ್ರೂ ಸುಮ್ಮನೆ ಏನನ್ನಾದ್ರೂ ಆನ್ ಮಾಡಿ ಬಿಡ್ತಿದ್ರಾ? ಮಳೆ ನಿಂತಾಗ ಜೀವ ಇದ್ದಿದ್ರೆ ಮೊದಲು ವೈಪರ್ ಆರಿಸ್ತಿದ್ರು. ಆರಿಸಿಲ್ಲ ಅಂದ್ರೆ ಮಳೆ ಬರ್ತಿರುವಾಗಲೇ ಹೋಗಿದೆ ಜೀವ. ಮಳೆ ಬಂದದ್ದೇ ಸ್ವಲ್ಪ ಹೊತ್ತು. ಕಾರು ನಿಲ್ಲಿಸಿದ್ದಾರೆ, ಕಣ್ಣು ಮುಚ್ಚಿದ್ದಾರೆ. ಅಷ್ಟೇ."

ಅತ್ತೆ ನನ್ನ ಮುಖವನ್ನೇ ನೋಡಿದರು. "ದಿಟವಾ?" ಅಂದರು. ದಿಟ ಅಂದೆ. ಆ ದಿನ ಅವರು ಎರಡು ತುತ್ತು ಹೆಚ್ಚಿಗೆ ಉಂಡರು.

ಕೆಲವು ತಿಂಗಳಾದ ಮೇಲೆ ಅನುಕಂಪದ ಮೇಲೆ ನನಗೆ ಕೆಲಸ ಸಿಕ್ಕಿತು. ಅದೇ ಆಸ್ಪತ್ರೆಯ ಕಚೇರಿಯಲ್ಲಿ ಗುಮಾಸ್ತೆ. ಬಸ್ಸಿನಲ್ಲಿ ಹೋದರೆ ಹೊತ್ತಿಗೆ ಸರಿಯಾಗಿ ಮುಟ್ಟುವುದಕ್ಕೆ ಆಗುತ್ತಿರಲಿಲ್ಲ. ಕಾರು ಓಡಿಸುವುದನ್ನು ಅವರು ಮದುವೆಯಾದ ಹೊಸದರಲ್ಲೇ ಕಲಿಸಿದ್ದರು. ಹೀಗೆ ಅದೇ ಕಾರು, ಅದೇ ಸೀಟು, ಅದೇ ರಸ್ತೆ ನನ್ನ ಪಾಲಿಗೆ ಬಂದವು. ಸೀಟು ಅವರ ಉದ್ದಕ್ಕೆ ಹಿಂದೆ ಸರಿದಿತ್ತು. ಮೊದಲ ದಿನ ಅದನ್ನು ಮುಂದಕ್ಕೆ ಎಳೆದುಕೊಳ್ಳುವುದಕ್ಕೆ ಮನಸ್ಸು ಬರದೆ, ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಓಡಿಸಿದೆ.

ಅತ್ತೆಯ ತವರು ಬದನವಾಳು. ಮದುವೆಗೆ ಮುಂಚೆ ಅವರು ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದವರು. ಬೇಸಿಗೆಯ ಒಂದು ದಿನ ತವರಿನಲ್ಲಿ ಯಾರಿಗೋ ಹುಷಾರಿಲ್ಲ ಎಂದು ಅವರನ್ನು ಕಾರಿನಲ್ಲಿ ಕರೆದುಕೊಂಡು ಹೊರಟೆ. ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ. ಊರ ಹತ್ತಿರ ಒಂದು ಹಂಪ್ ಹಾರಿಸಿದ್ದೇ ತಡ, ವೈಪರುಗಳೆರಡೂ ತಾವಾಗಿಯೇ ಎದ್ದು, ಧೂಳು ಹಿಡಿದ ಗಾಜನ್ನು ಒಂದು ಸಲ ಒರೆಸಿ ಮತ್ತೆ ಮಲಗಿದವು. ನನ್ನ ಕೈ ಸ್ಟಿಯರಿಂಗಿನ ಮೇಲೇ ಇತ್ತು. ನಾನು ಏನನ್ನೂ ಮುಟ್ಟಿರಲಿಲ್ಲ.

ಅತ್ತೆ ನನ್ನ ತೋಳು ಹಿಡಿದುಕೊಂಡರು.

"ನೋಡ್ದಾ? ನೋಡ್ದಾ ಕಣವ್ವ?"

"ಹಂಪ್ ಹಾರ್ತಲ್ಲ ಅತ್ತೆ. ಎಲ್ಲೋ ವೈರು ಲೂಸಾಗಿರ್ಬೇಕು."

"ವೈರಂತೆ." ಅವರ ದನಿ ಇಳಿಯಿತು. "ನಾ ಇಲ್ಲೇ ಅವ್ನಿ ಅಂತಾವ್ನೆ ನನ್ನ ಮಗ. ಅವತ್ತೂ ಅಂಗೇ ಕರ್ದ. ಯಾರೂ ನೋಡ್ನಿಲ್ಲ."

ನನ್ನ ಗಂಡ ಪಕ್ಕದಲ್ಲಿದ್ದಿದ್ದರೆ ಈ ಮಾತಿಗೆ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಬದನವಾಳು ಮುಟ್ಟುವವರೆಗೆ ಇಬ್ಬರೂ ಗಾಜನ್ನೇ ನೋಡುತ್ತಾ ಹೋದೆವು.

ಅಂದಿನಿಂದ ಸಂಜೆ ನಾನು ಬರುವ ಹೊತ್ತಿಗೆ ಅತ್ತೆ ಗೇಟಿನ ಹತ್ತಿರ ನಿಂತಿರುತ್ತಿದ್ದರು. ನಾನು ಇಳಿಯುವ ಮೊದಲೇ ಕೇಳುತ್ತಿದ್ದರು: "ಇವತ್ತು ಆಡ್ತಾ?" ಆಡಿದ್ದರೆ "ಹೂಂ" ಅನ್ನುತ್ತಿದ್ದೆ. ಅವರು ಬಾನೆಟ್ಟಿನ ಮೇಲೆ ಒಂದು ಸಲ ಕೈ ಇಟ್ಟು ಒಳಗೆ ಹೋಗುತ್ತಿದ್ದರು. ಆಡದ ದಿನ ಅವರ ಮುಖ ನೋಡುವುದಕ್ಕೆ ಆಗುತ್ತಿರಲಿಲ್ಲ. ಒಂದೆರಡು ಸಲ ಆಡದಿದ್ದರೂ ಆಡಿತು ಅಂದೆ.

ಅತ್ತೆಯದು ಬಿಡಿ, ನನ್ನದೇ ಹೇಳುತ್ತೇನೆ. ನಾಲೆಯ ಮೋರಿಯ ಮೇಲೆ ಡಾಂಬರು ಕಿತ್ತು ಹೋಗಿತ್ತು. ಸಂಜೆ ವಾಪಸು ಬರುವಾಗ ಅಲ್ಲಿ ಚಕ್ರ ಕುಕ್ಕಿದರೆ ಸಾಕು, ವೈಪರು ಎದ್ದು ಆಡುತ್ತಿತ್ತು. ಹೊಂಗೆ ಮರ ಕಣ್ಣಿಗೆ ಬೀಳುವುದೂ ಅಲ್ಲೇ. ಗಾಜಿನ ಆಚೆ ಮರ, ಈಚೆ ಕೈ ಬೀಸಿದ ಹಾಗೆ ಆ ಕಪ್ಪು ಕಡ್ಡಿ. ಕಾರಣ ನನಗೆ ಗೊತ್ತಿತ್ತು. ಎಲ್ಲೋ ಒಂದು ಕಡೆ ತಾಮ್ರಕ್ಕೆ ತಾಮ್ರ ತಗುಲುತ್ತಿದೆ, ಅಷ್ಟೇ. ಆದರೂ ಮೋರಿ ಹತ್ತಿರ ಬಂದಂತೆ ರೇಡಿಯೋ ಆರಿಸಿಕೊಳ್ಳುತ್ತಿದ್ದೆ. ಗುಂಡಿ ತಪ್ಪಿಸಿ ಹೋಗುವಷ್ಟು ಜಾಗ ರಸ್ತೆಯಲ್ಲಿತ್ತು. ನಾನು ತಪ್ಪಿಸುತ್ತಿರಲಿಲ್ಲ. ಒಂದು ಸಂಜೆ ವೈಪರು ಎದ್ದಾಗ ನನ್ನ ಬಾಯಿಂದ "ಹಾಂ, ಬಂದೆ" ಅನ್ನುವ ಮಾತು ಬಂತು. ಅವರು ಹೊರಗೆ ನಿಂತು ಹಾರ್ನ್ ಹೊಡೆದಾಗ ನಾನು ಒಳಗಿನಿಂದ ಹೇಳುತ್ತಿದ್ದ ಮಾತು ಅದು. ನನ್ನ ದನಿ ಕೇಳಿ ನನಗೇ ಮೈ ಜುಂ ಅಂದಿತು. ಕಿಟಕಿಗಳನ್ನೆಲ್ಲ ಏರಿಸಿಕೊಂಡು, ರೇಡಿಯೋ ಜೋರು ಮಾಡಿಕೊಂಡು ಮನೆ ಸೇರಿದೆ. ಮಾರನೆಯ ಸಂಜೆ ಮತ್ತೆ ಅದೇ ಗುಂಡಿಗೆ ಚಕ್ರ ಹಾಕಿದೆ.

ಮುಂಗಾರು ಬಂದ ಮೇಲೆ ಇದು ಬೇರೆ ತಿರುವು ತೆಗೆದುಕೊಂಡಿತು. ಆಸ್ಪತ್ರೆಯಿಂದ ಹೊರಟ ಒಂದು ಸಂಜೆ ದಾರಿಯ ನಡುವೆ ಮಳೆ ಹೊಡೆಯಿತು. ವೈಪರ್ ಹಾಕಿದೆ. ನಾಲ್ಕಾರು ಸಲ ಆಡಿದ್ದು, ಗಾಜಿನ ನಟ್ಟ ನಡುವೆ ಬಂದು ನೆಟ್ಟಗೆ ನಿಂತುಬಿಟ್ಟಿತು. ಸ್ಟಿಯರಿಂಗಿನ ಪಕ್ಕದ ಸ್ವಿಚ್ಚಿನ ಕಡ್ಡಿಯನ್ನು ಮೇಲೆ ಕೆಳಗೆ ಎಳೆದೆ. ಅಲುಗಲಿಲ್ಲ. ಗಾಜಿನ ತುಂಬ ನೀರು, ಎದುರಿಗೆ ಬರೀ ಬೂದಿ ಬಣ್ಣ. ಬ್ರೇಕು ಒತ್ತಿದೆ. ಕಾರು ಜಾರಿಕೊಂಡು ಹೋಗಿ ನಿಂತಾಗ ಮೂತಿಯ ಮುಂದೆ ಒಂದು ಮಾರು ದೂರದಲ್ಲಿ ಏನೋ ಕಪ್ಪಗೆ ಕಂಡಿತು. ತಲೆ ಹೊರಗೆ ಹಾಕಿ ನೋಡಿದೆ. ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರು. ಹೊರಗೆ ಚಾಚಿಕೊಂಡಿದ್ದ ಜಲ್ಲೆಗಳ ತುದಿಗಳು ನನ್ನ ಗಾಜಿನ ಮಟ್ಟಕ್ಕೇ ಇದ್ದವು. ಕಾರನ್ನು ರಸ್ತೆ ಪಕ್ಕಕ್ಕೆ ತಂದು, ಮಳೆ ಬಿಡಲಿ ಎಂದು ಒಳಗೇ ಕೂತೆ. ಅವರೂ ಹೀಗೇ ಒಬ್ಬರೇ ಮಳೆಯ ಸದ್ದಿನಲ್ಲಿ ಕೂತಿದ್ದರು ಅನ್ನುವುದು ಆಗ ನೆನಪಾಗಿ, ಕಾರಿನಿಂದ ಇಳಿದು ಮಳೆಯಲ್ಲೇ ನಿಂತೆ.

ಆ ವಾರದ ಕೊನೆಗೆ ತಾಂಡವಪುರದ ಹತ್ತಿರ ಶೆಡ್ಡು ಹಾಕಿಕೊಂಡಿರುವ ಮೆಕ್ಯಾನಿಕ್ ಒಬ್ಬನಿಗೆ ತೋರಿಸಿದೆ. ಅತ್ತೆಯೂ ಜೊತೆಗೆ ಬಂದಿದ್ದರು. ಅವನು ಕಡ್ಡಿಯನ್ನು ಎರಡು ಸಲ ಆಡಿಸಿ ನೋಡಿದ.

"ಸ್ವಿಚ್ಚು ಔಟು ಮೇಡಂ. ಮೋಟ್ರು ಚೆನ್ನಾಗದೆ. ಈ ಮಾಡಲ್ದು ಈಗ ಬರಕ್ಕಿಲ್ಲ, ಹುಡುಕ್ಬೇಕು. ಗಾಡಿ ಬುಟ್ಟೋಗಿ, ಸಿಕ್ಕಾಗ ಹಾಕ್ಕೊಡ್ತೀನಿ."

"ಬುಟ್ಟೋಗಾದಾ?" ಅತ್ತೆ ಹಿಂದಿನ ಸೀಟಿನಿಂದಲೇ ಕೇಳಿದರು. "ಇಲ್ಲಿ ಒಬ್ನೇ ಬುಟ್ಟು ಓಗಾಕಾಯ್ತದಾ?"

ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಸ್ವಿಚ್ಚು ಸಿಕ್ಕಾಗ ಫೋನು ಮಾಡು ಎಂದು ಹೇಳಿ ಕಾರು ತಿರುಗಿಸಿದೆ. ದಾರಿಯಲ್ಲಿ ಅತ್ತೆಗೆ ಹೇಳಿದೆ, ಹಾಗಾದರೆ ನಾನೇ ಮನೆಯಲ್ಲಿ ಬಿಚ್ಚಿ ನೋಡುತ್ತೇನೆ ಎಂದು. ಅವರು ಹಿಂದಿನಿಂದ ನನ್ನ ಸೀಟಿನ ತಲೆ ಹಿಡಿದುಕೊಂಡರು. ಮನೆಯ ಬೀದಿಗೆ ತಿರುಗುವಾಗ ಕೇಳಿದರು:

"ಸರಿ ಮಾಡ್ಬುಟ್ರೆ ಮತ್ತೆ ಬತ್ತನಾ ಅವ್ನು?"

ಆಗ ಟ್ರ್ಯಾಕ್ಟರಿನ ಸಂಗತಿ ಹೇಳಿದೆ. ಅದುವರೆಗೆ ಹೇಳಿರಲಿಲ್ಲ. ಜಲ್ಲೆಯ ತುದಿ ಎಲ್ಲಿಗೆ ಬಂದಿತ್ತು ಅನ್ನುವುದನ್ನು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದೆ. ಅತ್ತೆ ಆ ಜಾಗವನ್ನೇ ನೋಡುತ್ತಾ ಕೂತರು.

"ಬಿಚ್ಚು," ಅಂದರು ಕೊನೆಗೆ. "ನಾನೂ ಕೂತ್ಕತೀನಿ."

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಶೀಟಿನ ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡೆ. ನನ್ನ ಗಂಡನ ಸ್ಪ್ಯಾನರು, ಸ್ಕ್ರೂಡ್ರೈವರುಗಳಿದ್ದ ತಗಡಿನ ಡಬ್ಬಿ ತಂದೆ. ಮೊದಲು ಬಾನೆಟ್ಟು ಎತ್ತಿ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆ. ಆಮೇಲೆ ಸ್ಟಿಯರಿಂಗಿನ ಕೆಳಗೆ ಅಂಗಾತ ಮಲಗಿ, ಅದರ ಕೊರಳಿನ ಸುತ್ತ ಇರುವ ಪ್ಲಾಸ್ಟಿಕ್ ಕವರಿನ ಸ್ಕ್ರೂಗಳನ್ನು ತೆಗೆದೆ. ಕವರು ಎರಡು ಹೋಳಾಗಿ ಬಂತು. ಒಳಗೆ ವರ್ಷಗಟ್ಟಲೆ ಕೂತ ಕೆಂಪು ಧೂಳು. ಬಲಗಡೆ ಇಂಡಿಕೇಟರಿನ ಕಡ್ಡಿ, ಎಡಗಡೆ ವೈಪರಿನದು. ವೈಪರಿನ ಕಡ್ಡಿಯ ಬುಡದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಕಪ್ಪು ಪೆಟ್ಟಿಗೆ, ಅದರಿಂದ ಬಣ್ಣ ಬಣ್ಣದ ವೈರುಗಳು.

ಅತ್ತೆ ಆಚೆ ಬಾಗಿಲಿನಿಂದ ಹತ್ತಿ ಪಕ್ಕದ ಸೀಟಿನಲ್ಲಿ ಕೂತಿದ್ದರು. ವೈರುಗಳನ್ನು ಒಂದೊಂದಾಗಿ ಬಿಡಿಸಿ ಅವರ ಕೈಗೆ ಕೊಟ್ಟೆ. ಅವರು ಒಂದೊಂದನ್ನು ಒಂದೊಂದು ಬೆರಳಿನ ಸಂದಿಯಲ್ಲಿ ಹಿಡಿದುಕೊಂಡರು.

"ಎಳೆ ಕಲ್ಸಬ್ಯಾಡ," ಅಂದರು. "ನೀಲಿ ಆದ್ಮೇಲೆ ಅಳದಿ. ಅಂಗೇ ಇರ್ಲಿ."

ಅತ್ತೆ ವೈರುಗಳನ್ನು ಅದೇ ಕ್ರಮದಲ್ಲಿ ದಾರದಿಂದ ಹೆಣೆದು ಬಿಟ್ಟರು. ಪೆಟ್ಟಿಗೆಯನ್ನು ಹೊರಗೆ ತಂದು ಜಗಲಿಯ ಮೇಲೆ ಹಳೆಯ ಟವೆಲ್ ಹಾಸಿ ಕೂತೆವು. ಅದರ ಕಚ್ಚುಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿದಾಗ ಮುಚ್ಚಳ ಟಪ್ಪೆಂದು ಎದ್ದು, ಒಳಗಿದ್ದ ಸಣ್ಣ ಸ್ಪ್ರಿಂಗು, ಸಾಸಿವೆಗಿಂತ ಕೊಂಚ ದೊಡ್ಡದಾದ ಉಕ್ಕಿನ ಗುಂಡು ಎಲ್ಲಿಗೋ ಹಾರಿದವು. ಸ್ಪ್ರಿಂಗು ನನ್ನ ಕಾಲ ಬಳಿ ಸಿಕ್ಕಿತು. ಗುಂಡು ಸಿಗಲಿಲ್ಲ. ಜಗಲಿಯೆಲ್ಲ ತಡಕಾಡಿದೆ. ಅತ್ತೆ ಅಲುಗಾಡದೆ ಕೂತಿದ್ದವರು ತಮ್ಮ ಸೀರೆಯ ನೆರಿಗೆಯೊಳಗಿಂದ ಅದನ್ನು ಚಿಟಿಕೆಯಲ್ಲಿ ಎತ್ತಿ ಕೊಟ್ಟರು. ಇಬ್ಬರಿಗೂ ಸ್ವಲ್ಪ ನಗು ಬಂತು. ಆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕು ಬಹಳ ದಿನವಾಗಿತ್ತು.

ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಹಿತ್ತಾಳೆಯ ಒಂದು ನಾಲಗೆ. ಕಡ್ಡಿಯನ್ನು ಆನ್ ಮಾಡಿದಾಗ ಅದು ಬಾಗಿ ಕೆಳಗಿನ ತಗಡನ್ನು ಮುಟ್ಟಬೇಕು, ಆಫ್ ಮಾಡಿದಾಗ ಮೇಲಕ್ಕೆ ಏಳಬೇಕು. ಇಲ್ಲಿ ಕರೆಂಟು ಕಿಡಿ ಹಾರಿ ಹಾರಿ ನಾಲಗೆಯ ತುದಿ ಕರಕಲಾಗಿತ್ತು. ಪಕ್ಕದ ಪ್ಲಾಸ್ಟಿಕ್ಕು ಆ ಕಾವಿಗೆ ಕರಗಿ, ನಾಲಗೆಯ ಬುಡವನ್ನು ಅರ್ಧ ಕಚ್ಚಿ ಹಿಡಿದುಕೊಂಡು ಗಟ್ಟಿಯಾಗಿತ್ತು. ಹಾಗಾಗಿ ಅದು ಪೂರ್ತಿ ಏಳುತ್ತಿರಲಿಲ್ಲ. ಚಕ್ರ ಕುಕ್ಕಿದರೆ ತಾನೇ ಹೋಗಿ ತಗುಲುತ್ತಿತ್ತು. ಮಳೆಯಲ್ಲಿ ಹೆಚ್ಚು ಹೊತ್ತು ಆಡಿಸಿದರೆ ಆ ಕರಕಲಿನಲ್ಲಿ ಕರೆಂಟು ಹರಿಯದೆ ನಿಂತುಬಿಡುತ್ತಿತ್ತು. ಎಲ್ಲದಕ್ಕೂ ಕಾರಣ ಇದೊಂದೇ. ಸಮಾಧಾನವಾಯಿತು. ಅತ್ತೆಗೂ ಅದನ್ನು ತೋರಿಸಿ, ಮಕ್ಕಳಿಗೆ ಪಾಠ ಹೇಳುವ ಹಾಗೆ ಹೇಳಿದೆ.

"ನೋಡಿ ಅತ್ತೆ, ಇದು ಇಲ್ಲಿ ಅಂಟಿಕೊಂಡಿದೆ. ಅದಕ್ಕೇ ಆಡ್ತಿತ್ತು."

ಅತ್ತೆ ಬಗ್ಗಿ ನೋಡಿದರು. ಅವರ ಮುಖ ಸಣ್ಣದಾಯಿತು. ಆಮೇಲೆ, ನನ್ನ ಮಾತಿಗೆ ಒಪ್ಪಿಗೆ ಕೊಡುವವರ ಹಾಗೆ ತಲೆ ಆಡಿಸಿದರು.

"ಊಂ ಕಣವ್ವ. ಅವ್ನೂ ಅಂತಿದ್ದ. ಆಫ್ ಮಾಡಿದ್ರೂ ನಿಲ್ಲಕ್ಕಿಲ್ಲ, ಅದರ ಪಾಡಿಗದು ಆಡ್ತಾನೇ ಇರ್ತದೆ ಅಂತಿದ್ದ."

"ಯಾವಾಗ?"

"ಆ ವಾರ್ದಲ್ಲೇಯ. ಉಣ್ಣಾಗ ಏಳ್ದ. ಭಾನ್ವಾರ ಬಿಚ್ಚಿ ನೋಡ್ತೀನಿ ಕಣವ್ವ ಅಂದ."

ಭಾನುವಾರಕ್ಕೆ ಅವರು ಇರಲಿಲ್ಲ.

ಕೈಯಲ್ಲಿದ್ದ ಪೆಟ್ಟಿಗೆಯನ್ನು ಟವೆಲಿನ ಮೇಲೆ ಇಟ್ಟೆ. ಅತ್ತೆಗೆ ತಾವು ಹೇಳಿದ್ದು ಏನು ಅನ್ನುವುದು ಗೊತ್ತಿರಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋಗುತ್ತಿದ್ದಳು, ಅವಳನ್ನು ನಿಲ್ಲಿಸುವುದಕ್ಕೆ ಎದ್ದು ಹೋದರು. ನಾನು ಆ ಕರಗಿದ ಪ್ಲಾಸ್ಟಿಕ್ಕನ್ನು ನೋಡುತ್ತಾ ಕೂತೆ. ಆಫ್ ಮಾಡಿದರೂ ನಿಲ್ಲದ ವೈಪರು. ಹಾಗಾದರೆ ಮಳೆ ನಿಂತಾಗ ಅವರು ಕೈ ಚಾಚಿ ಅದನ್ನು ಆರಿಸಿರಬಹುದು. ಆರಿಸಿಯೂ ಅದು ಆಡುತ್ತಲೇ ಇದ್ದಿರಬಹುದು. ಮಳೆ ಬರುವಾಗಲೇ ಜೀವ ಹೋಯಿತು ಎಂದು ನಾನು ಹೇಳಿಕೊಂಡಿದ್ದಕ್ಕೆ ಆಧಾರವೇ ಇರಲಿಲ್ಲ. ಬಿಸಿಲು ಬಿದ್ದ ಮೇಲೂ ಅವರು ಅಲ್ಲಿ ಕೂತಿದ್ದಿರಬಹುದು. ಕಣ್ಣೆದುರು ಆ ಕಡ್ಡಿ ಅತ್ತಿಂದಿತ್ತ ಹೋಗುತ್ತಿದ್ದುದನ್ನು ನೋಡುತ್ತಾ. ಎಷ್ಟು ಹೊತ್ತೋ.

ಅತ್ತೆ ಸೊಪ್ಪು ತೆಗೆದುಕೊಂಡು ಬಂದು, "ಯಾಕವ್ವ, ಬರಾಕಿಲ್ವಾ?" ಅಂದರು.

"ಬರುತ್ತೆ," ಅಂದೆ.

ಬ್ಲೇಡಿನ ತುದಿಯಿಂದ ಕರಗಿದ ಪ್ಲಾಸ್ಟಿಕ್ಕನ್ನು ಕೆರೆದು ತೆಗೆದೆ. ನಾಲಗೆಯ ಕರಕಲನ್ನು ಎಮೆರಿ ಪೇಪರಿನಿಂದ ಉಜ್ಜಿದೆ. ಹಿತ್ತಾಳೆಯ ಬಣ್ಣ ಬಂತು. ಇಕ್ಕಳದಲ್ಲಿ ಹಿಡಿದು ನಾಲಗೆಯನ್ನು ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿದೆ. ಸ್ಪ್ರಿಂಗು, ಗುಂಡು ಕೂರಿಸಿ ಮುಚ್ಚಳ ಒತ್ತಿದೆ. ಕಾರಿನಲ್ಲಿ ಅತ್ತೆ ದಾರ ಬಿಚ್ಚಿ ವೈರುಗಳನ್ನು ಅದೇ ಕ್ರಮದಲ್ಲಿ ಕೊಟ್ಟರು. ಬ್ಯಾಟರಿ ಜೋಡಿಸಿ, ಕೀ ತಿರುಗಿಸಿ, ಗಾಜಿನ ಮೇಲೆ ಒಂದು ಚೊಂಬು ನೀರು ಹಾಕಿಸಿ ಆನ್ ಮಾಡಿದೆ. ಆಡಿತು. ಆಫ್ ಮಾಡಿದೆ. ನಿಂತಿತು. ಮತ್ತೆ ಆನ್, ಮತ್ತೆ ಆಫ್. ಪ್ರತಿ ಸಲವೂ ಹೇಳಿದ ಮಾತು ಕೇಳಿತು. ಅತ್ತೆ ಚೊಂಬು ಹಿಡಿದು ನಿಂತೇ ಇದ್ದರು.

"ಸರಿಯೋಯ್ತಾ?" ಅಂದರು. "ಊಂ, ಸರಿಯೋಯ್ತು ಬುಡು," ಎಂದು ಅವರೇ ಹೇಳಿಕೊಂಡು ಒಳಗೆ ಹೋದರು.

ನಾಲ್ಕೈದು ದಿನ ನಾನು ಆ ಸಂಗತಿಯನ್ನು ಒಳಗೇ ಇಟ್ಟುಕೊಂಡೆ. ಕಚೇರಿಯಲ್ಲಿ ಕೂತರೂ ಕಿವಿಯಲ್ಲಿ ಕಿರ್ ಕಿರ್ ಸದ್ದು. ಅತ್ತೆ ಗೇಟಿನ ಹತ್ತಿರ ನಿಲ್ಲುವುದನ್ನು ಬಿಟ್ಟಿರಲಿಲ್ಲ, ಆದರೆ ಏನೂ ಕೇಳುತ್ತಿರಲಿಲ್ಲ. ಒಂದು ಸಂಜೆ ಕಾರು ನಿಲ್ಲಿಸಿದವಳು ಇಳಿಯದೆ ಹಾಗೇ ಕೂತೆ. ಅವರೇ ಬಂದು ಪಕ್ಕದ ಬಾಗಿಲು ತೆಗೆದರು. ಹೇಳಿಬಿಟ್ಟೆ.

"ಅತ್ತೆ, ಅವತ್ತು ನಾನು ನಿಮಗೆ ಹೇಳಿದ್ದು ಸರಿ ಇಲ್ಲದೆ ಇರಬಹುದು. ವೈಪರ್ ಆಡ್ತಿತ್ತು ಅಂದ ಮಾತ್ರಕ್ಕೆ ಆಗಲೇ ಹೋಗಿದ್ರು ಅಂತಲ್ಲ. ಮಳೆ ನಿಂತ ಮೇಲೂ ಇದ್ದಿರಬಹುದು."

ಬೈಯುತ್ತಾರೆ, ಅಳುತ್ತಾರೆ ಅಂದುಕೊಂಡಿದ್ದೆ. ಅವರು ಸೀಟಿನಲ್ಲಿ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು.

"ಅಂಗಾರೆ ಆವಯ್ಯನ್ನೇ ಕೇಳಾನ ನಡಿ," ಅಂದರು. "ನೋಡ್ದೋನು ಅವ್ನು ತಾನೆ."

ಮುಂದಿನ ಭಾನುವಾರ ಹೋದೆವು. ಹೊಂಗೆ ಮರದಿಂದ ಸ್ವಲ್ಪ ದೂರದಲ್ಲೇ ಆ ರೈತರ ಮನೆ. ದಾರಿಯಲ್ಲಿ ಕೇಳಿದವರು ತೋರಿಸಿದರು. ಅರವತ್ತರ ಆಸುಪಾಸಿನ ಮನುಷ್ಯ, ಹಣೆಯ ತುಂಬ ವಿಭೂತಿ. ನಾವು ಯಾರೆಂದು ಹೇಳುವ ಮೊದಲೇ ಕಾರನ್ನು ನೋಡಿ ಎದ್ದು ನಿಂತರು. ಚಾಪೆ ಹಾಕಿಸಿದರು. ಅವರ ಹೆಂಡತಿ ಮಜ್ಜಿಗೆ ತಂದಿಟ್ಟು ಅತ್ತೆಯ ಪಕ್ಕದಲ್ಲೇ ಕೂತರು.

"ಆವತ್ತು ಕಾರಿನಲ್ಲಿ ನೀವು ಏನೇನು ಮುಟ್ಟಿದ್ರಿ, ನೆನಪಿದೆಯಾ?" ಎಂದು ಕೇಳಿದೆ. "ವೈಪರಿನ ಸ್ವಿಚ್ಚಿನ ಕಡ್ಡಿ ಆನ್ ಆಗಿತ್ತಾ, ಆಫ್ ಆಗಿತ್ತಾ?"

"ಕಡ್ಡೀನೆಲ್ಲ ನಾ ಕಾಣೆ ಕಣವ್ವ. ಇಂಜಿನ್ನು ಓಡ್ತಾ ಇತ್ತಲ್ಲ, ಕೈ ಆಕಿ ಕೀ ತಿರುವ್ದೆ. ಎಲ್ಲಾ ನಿಂತೋಯ್ತು."

"ಬಾಗಿಲು ತೆಗೆದು?"

"ಬಾಗ್ಲು ಯಾಕೆ ತಗೀಲಿ. ಗ್ಲಾಸು ಇಳ್ಸಿತ್ತಲ್ಲ. ಅಲ್ಲಿಂದ್ಲೇ ಕೈ ಆಕ್ದೆ."

"ಗ್ಲಾಸು ಇಳಿಸಿತ್ತಾ? ಅವರ ಕಡೆಯದು?"

"ಪೂರಾ ಇಳ್ಸಿತ್ತು. ತೋಳು ಕಿಟಕಿ ಮ್ಯಾಲೇ ಇಟ್ಕಂಡಿದ್ರು."

"ಬಟ್ಟೆ ನೆಂದಿತ್ತಾ? ಸೀಟು?"

ಅವರು ಸ್ವಲ್ಪ ಯೋಚಿಸಿದರು. "ಇಲ್ಲ ಕಣವ್ವ. ಒಣ್ಗೇ ಇತ್ತು. ತೋಳು ಮುಟ್ಟಿ ಅಲ್ಗಾಡ್ಸಿದ್ನಲ್ಲ, ಅಂಗಿ ಒಣ್ಗೇ ಇತ್ತು."

ಅಷ್ಟು ಜೋರು ಮಳೆಯಲ್ಲಿ ಗಾಜು ಇಳಿಸಿದ್ದರೆ ಮೈಯೆಲ್ಲ ತೊಯ್ದಿರಬೇಕಿತ್ತು. ಮಳೆ ಪೂರ್ತಿ ನಿಂತ ಮೇಲೆಯೇ ಇಳಿಸಿದ್ದಾರೆ. ಆ ಗಾಜು ಗುಂಡಿ ಒತ್ತಿದರೆ ಇಳಿಯುವಂಥದ್ದಲ್ಲ. ಹಿಡಿಕೆ ಹಿಡಿದು ಸುತ್ತು ಸುತ್ತು ತಿರುಗಿಸಬೇಕು. ಅಷ್ಟು ಶಕ್ತಿ ಇನ್ನೂ ಇತ್ತು. ನಾನು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟೆ. ಅತ್ತೆಗೂ ಅರ್ಥವಾಗಿತ್ತು. ಅವರು ಚಾಪೆಯ ಮೇಲೆ ಸ್ವಲ್ಪ ಮುಂದಕ್ಕೆ ಸರಿದರು.

"ಅಂಗಾರೆ ಮಳೆ ನಿಂತದ್ದ ನೋಡವ್ನೆ ನನ್ನ ಮಗ," ಅಂದರು. ಆಮೇಲೆ ರೈತರನ್ನು ಕೇಳಿದರು: "ಮುಖ ಯಾವ ಕಡೀಕಿತ್ತಣ್ಣ?"

"ಗದ್ದೆ ಕಡೀಕೆ ಕಣಕ್ಕ. ಪೈರು ಅಸ್ರು ಮುರ್ದು ಅಳದಿಗೆ ತಿರುಗ್ತಿತ್ತು. ಕೊಕ್ಕರೆ ಬಂದು ಕೂತ್ಕಂಡಿದ್ವು. ನಾನು ದೂರದಿಂದ ನೋಡ್ದಾಗ, ಯಾರೋ ಗದ್ದೆ ನೋಡ್ತಾ ಗಾಳಿಗೆ ಕೂತವ್ರೆ ಅಂತ್ಲೇ ಅನ್ಕಂಡೆ. ಗಾಜಿನ ಮ್ಯಾಲೆ ಆ ಕಡ್ಡಿ ಆಡ್ದೆ ಇದ್ದಿದ್ರೆ ಬತ್ತಾನೇ ಇರ್ನಿಲ್ಲ."

ಅತ್ತೆ ಎದ್ದರು. "ಯಾವ ಗದ್ದೆ, ತೋರ್ಸಿ" ಅಂದರು. ರೈತರ ಹೆಂಡತಿ ಅವರ ಕೈ ಹಿಡಿದುಕೊಂಡು ಬದುವಿನ ಮೇಲೆ ಕರೆದುಕೊಂಡು ಹೋದರು. ನಾನು ಚಾಪೆಯ ಮೇಲೇ ಕೂತು ನೋಡುತ್ತಿದ್ದೆ. ಇಬ್ಬರು ಹೆಂಗಸರು ಹೊಂಗೆ ಮರದ ಕಡೆಗೆ ಬೆನ್ನು ಮಾಡಿ ಗದ್ದೆ ನೋಡುತ್ತಾ ನಿಂತಿದ್ದರು. ಅತ್ತೆ ಬಹಳ ಹೊತ್ತು ಅತ್ತರು. ಅಳುತ್ತಲೇ ಆ ಹೆಂಗಸಿಗೆ ಏನೇನೋ ಹೇಳುತ್ತಿದ್ದರು. ವಾಪಸು ಬರುವಾಗ ದಾರಿಯಲ್ಲಿ ನನಗೆ ಹೇಳಿದರು: "ಕತ್ತಲ್ಲಿ ಮಳೇಲಿ ಸತ್ತ ಅಂದ್ಕಂಡಿದ್ದೆ ಕಣವ್ವ. ಬೆಳಕ ಕಂಡವ್ನೆ. ಗಾಳಿ ಕುಡ್ದವ್ನೆ." ಆ ರಾತ್ರಿ ಅವರು ನಿದ್ದೆ ಮಾಡಿದರು. ನನಗೆ ಬರಲಿಲ್ಲ. ಗಾಜು ಇಳಿಸುವಷ್ಟು ಶಕ್ತಿ ಇದ್ದವರು ಜೇಬಿನಿಂದ ಫೋನು ಯಾಕೆ ತೆಗೆಯಲಿಲ್ಲ? ಗ್ಯಾಸು ಇಳಿಯುತ್ತದೆ, ಸ್ವಲ್ಪ ಗಾಳಿಗೆ ಕೂತು ಹೋಗೋಣ ಅಂದುಕೊಂಡರೇ? ರಸ್ತೆಯಲ್ಲಿ ಆ ಹೊತ್ತಿಗೆ ಬಸ್ಸುಗಳು ಓಡಾಡುತ್ತವೆ. ಯಾರನ್ನಾದರೂ ಕರೆದರೇ?

ಅದಾದ ಮೇಲೆ ಅತ್ತೆ ಗೇಟಿನ ಹತ್ತಿರ ಕಾಯುವುದನ್ನು ಬಿಟ್ಟರು. ಆ ರೈತರ ಹೆಂಡತಿಗೂ ಅವರಿಗೂ ಬಳಕೆ ಬೆಳೆದಿದೆ. ಆಗಾಗ ನಾನು ಕೆಲಸಕ್ಕೆ ಹೋಗುವಾಗ ಅವರನ್ನು ಅಲ್ಲಿ ಇಳಿಸಿ ಹೋಗುತ್ತೇನೆ, ಸಂಜೆ ಬರುವಾಗ ಹತ್ತಿಸಿಕೊಳ್ಳುತ್ತೇನೆ. ಇಬ್ಬರೂ ಕೂತು ಅವರೆ ಸುಲಿಯುತ್ತಾರೆ, ಹುಣಸೆ ಹಣ್ಣಿನ ಬೀಜ ಬಿಡಿಸುತ್ತಾರೆ, ತಮ್ಮ ತಮ್ಮ ಮಕ್ಕಳ ಚಿಕ್ಕಂದಿನ ಮಾತಾಡುತ್ತಾರೆ. ಒಂದು ಮಡಿಲು ತರಕಾರಿ ಕಟ್ಟಿಕೊಂಡು ಅತ್ತೆ ಕಾರು ಹತ್ತುತ್ತಾರೆ.

ನಾನು ಮಾತ್ರ ಇಳಿಯುವುದಿಲ್ಲ. ಆ ಮನುಷ್ಯ ಪ್ರತಿ ಸಲವೂ ಕಾರಿನವರೆಗೆ ಬಂದು, "ಇಳೀರವ್ವ, ಒಂದು ಗಳಿಗೆ ಕೂತ್ಕಂಡು ಓಗೀರಂತೆ" ಅನ್ನುತ್ತಾರೆ. ಹೊತ್ತಾಯಿತು ಅನ್ನುತ್ತೇನೆ. ಅವರ ಬಲಗೈ ನನ್ನ ಕಿಟಕಿಯ ಮೇಲೆ ಇರುತ್ತದೆ. ತೋಳು ಮುಟ್ಟಿ ಅಲುಗಾಡಿಸಿದೆ ಎಂದರಲ್ಲ, ಈ ಕೈಯಲ್ಲೇ ಅಲುಗಾಡಿಸಿದ್ದು. ಆಗ ಆ ತೋಳು ತಣ್ಣಗಿತ್ತೋ, ಇನ್ನೂ ಬೆಚ್ಚಗಿತ್ತೋ? ಅವರಿಗೆ ನೆನಪಿರುತ್ತದೆ. ಕೇಳಿದರೆ ಹೇಳುತ್ತಾರೆ. ಇಳಿದು ಆ ಚಾಪೆಯ ಮೇಲೆ ಕೂತರೆ ನಾನು ಕೇಳಿಯೇಬಿಡುತ್ತೇನೆ. ಅದಕ್ಕೇ ಇಂಜಿನ್ನು ಆರಿಸುವುದಿಲ್ಲ. ಅತ್ತೆ ಹತ್ತಿ ಕೂತು ಬಾಗಿಲು ಹಾಕಿಕೊಂಡ ಕೂಡಲೇ ಹೊರಟುಬಿಡುತ್ತೇನೆ.